ಕುಲಕ್ಕೆ ಹೊರಗಾದ ಮಗಳು

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ನಮ್ಮ ಹಿರಿಯರು ಆಡುತ್ತಿದ್ದಾಗ ಅವರ ಮನಸ್ಸಿನಲ್ಲಿದ್ದುದು ಗೋತ್ರ, ಸೂತಕ, ಪಾಲುಪಾರೀಕತ್ತುಗಳ ವಿಚಾರವೇ ಹೊರತು, ಒಂದು ದೇಶದ ಸರಕಾರವೇ ತನ್ನ ಹೆಣ್ಣುಮಕ್ಕಳನ್ನು ಈ ಗಾದೆಯ ಅಕ್ಷರಾರ್ಥದಂತೆ ನಡೆಸಿಕೊಂಡೀತೆಂಬ ಭಾವನೆ ಅವರಿಗೆ ಬಂದಿರಲಾರದು. ಆದರೆ ವ್ಯಕ್ತಿಸ್ವಾತಂತ್ರ್ಯಕ್ಕೆ ಲೋಕದಲ್ಲೆಲ್ಲ ಹೆಸರಾದ ಅಮೆರಿಕ ಸಂಯುಕ್ತ ಸಂಸ್ಥಾನವು 1907ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ ವಿಧಿಸಿದ ಶಾಸನವೊಂದು ಇದನ್ನೇ ಮಾಡಿತು. ವಿದೇಶೀಯನನ್ನು ವರಿಸಿದ ಅಮೆರಿಕದ ಸ್ತ್ರೀ ಆ ಕ್ಷಣದಿಂದ ಗಂಡನ ದೇಶದ ಪ್ರಜೆಯೆಂದೇ ಪರಿಗಣಿತಳಾಗತಕ್ಕದ್ದು. ಆಕೆ ಹುಟ್ಟಿದ ಊರನ್ನು ಬಿಟ್ಟು ಒಂದು ದಿನವೂ ಹೊರಗೆ ಹೋಗದಿದ್ದರೂ, ಪರದೇಶದ ದೊರೆಗೆ ನಿಷ್ಠೆಯ ಪ್ರತಿಜ್ಞೆಯನ್ನು ಎಂದೂ ಉಚ್ಚರಿಸದಿದ್ದರೂ, ಅದು ಗಣನೆಗೆ ಬಾರದು. ವಿದೇಶದ ಕನ್ಯೆಯನ್ನು ಕೈಹಿಡಿದ ಅಮೆರಿಕದ ಪುರುಷನಿಗಾದರೋ ಈ ಭಯವಿಲ್ಲ. ಅವನ ದೇಶ ಅವನದಾಗಿಯೇ ಉಳಿಯುತ್ತಿತ್ತು.

ಕ್ಯಾಲಿಫೋರ್ನಿಯದ ಎತೆಲ್ ಮೆಕೆಂಜಿ ಎಂಬಾಕೆ ಸ್ಕಾಟ್ಲೆಂಡಿನ ಗಾಯಕರೊಬ್ಬರನ್ನು ಮದುವೆಯಾಗಿ, ತನ್ನ ನಾಡಿನಲ್ಲಿಯೇ ಸಂಸಾರ ಹೂಡಿದ್ದು, ಆ ಸಂಸ್ಥಾನದ ಸ್ತ್ರೀಯರಿಗೆ ಮತಾಧಿಕಾರ ಬಂದಾಗ ಪಟ್ಟಿಯಲ್ಲಿ ಹೆಸರು ಬರೆಸಲು ಹೋಗಿ ನಿರಾಕೃತರಾದರು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮದುವೆಯನ್ನು ಆಕೆ ಸ್ವಇಚ್ಛೆಯಿಂದಲೇ ಮಾಡಿಕೊಂಡಿರುವುದರಿಂದ ಅದರ ಫಲವಾದ ದೇಶತ್ಯಾಗವೂ ಸ್ವಇಚ್ಛೆಯದೇ ಎಂಬ ಅಭಿಪ್ರಾಯದೊಡನೆ 1915ರಲ್ಲಿ ಆ ನ್ಯಾಯಾಲಯ ಶಾಸನವನ್ನೇ ಎತ್ತಿಹಿಡಿಯಿತು. ತರ್ಕ ನುಣುಪಾದದ್ದು. ಅದರಡಿಯಲ್ಲಿ ಸಿಕ್ಕಿ ನಲುಗಿದ ಹೆಂಗಸರ ಸಂಖ್ಯೆ ಅಲ್ಪವಲ್ಲ. ಅವರ ಪೈಕಿ ಒಬ್ಬಾಕೆ, ತನ್ನ ವಾಗ್ಮಿತೆಯ ಬಲದಿಂದ ಅದೇ ದೇಶದ ಶಾಸನಸಭೆಯನ್ನು ಹೊಕ್ಕು, ಆ ಸಭೆಯ ಮುಂದೆ ತನ್ನ ವ್ಯಾಜ್ಯವನ್ನು ತಾನೇ ವಾದಿಸಿ ಗೆದ್ದು, ಅನಂತರ ಆ ದೇಶದ ರಾಯಭಾರವನ್ನು ವಹಿಸಿಕೊಂಡು ಪರರಾಜ್ಯಕ್ಕೆ ಹೋದ ಮೊದಲ ಮಹಿಳೆಯಾದರು. ಅವರೇ ರೂತ್ ಬ್ರಯನ್ ಓವೆನ್. ಬರೆಹಗಾರ್ತಿಯೂ ರಾಜನೀತಿಜ್ಞೆಯೂ ಆಗಿದ್ದ ಆಕೆಯ ಹೆಸರು ಇಂದು ಅವರ ದೇಶದಲ್ಲಿಯೂ ಬಹುಮಂದಿಗೆ ನೆನಪಿದ್ದಂತಿಲ್ಲ. ನನ್ನ ಮಟ್ಟಿಗೆ ಅದು ಖೇದದ ವಿಷಯ.

ರೂತ್ ಹುಟ್ಟಿದ್ದು 1885ರ ಅಕ್ಟೋಬರ್ 2ರಂದು, ಇಲಿನಾಯ್ ಸಂಸ್ಥಾನದ ಜ್ಯಾಕ್ಸನ್‌ವಿಲ್ ಎಂಬ ಊರಿನಲ್ಲಿ. ಬೆಳೆದದ್ದು ನೆಬ್ರಾಸ್ಕದ ಲಿಂಕನ್ ಪಟ್ಟಣದಲ್ಲಿ. ತಂದೆ ವಿಲಿಯಂ ಜೆನ್ನಿಂಗ್ಸ್ ಬ್ರಯನ್. 1896, 1900, 1908 ಹೀಗೆ ಮೂರು ಸಲ ಡೆಮೊಕ್ರಾಟಿಕ್ ಪಕ್ಷದ ಪರವಾಗಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಮೂರು ಸಲವೂ ಸೋತ ಈ ಮಹಾವಾಗ್ಮಿಯ ಕಂಠ, ಧ್ವನಿವರ್ಧಕ ಯಂತ್ರವಿಲ್ಲದ ಆ ದಿನಗಳಲ್ಲಿ ಸಹಸ್ರಾರು ಜನರ ಸಭೆಯ ಕಟ್ಟಕಡೆಯವರೆಗೂ ಕೇಳಿಸುತ್ತಿತ್ತಂತೆ. ತಾಯಿ ಮೇರಿ ಬೇರ್ಡ್ ಬ್ರಯನ್ ಮದುವೆಯಾದ ಮೇಲೆ ನ್ಯಾಯಶಾಸ್ತ್ರವನ್ನು ಓದಿ ವಕೀಲಿ ಸನ್ನದು ಪಡೆದವರು. ಗಂಡನ ಭಾಷಣಗಳ ಹಿಂದಿನ ಪರಿಶ್ರಮದಲ್ಲಿ ಆಕೆಯ ಪಾಲು ದೊಡ್ಡದು. ಬ್ರಯನ್ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದಾಗ ಪುಟ್ಟ ರೂತ್ ಅಪ್ಪನ ಬೆರಳು ಹಿಡಿದು ಸಭಾಂಗಣಕ್ಕೆ ಹೋಗಿ ಅವರ ಪಕ್ಕದಲ್ಲಿ ಕುಳಿತು ಚರ್ಚೆಗಳನ್ನು ಕೇಳುತ್ತಿದ್ದರು. ವಾಣಿ ತಂದೆಯಿಂದ, ನ್ಯಾಯವಿವೇಚನೆ ತಾಯಿಯಿಂದ ಬಂತೆಂದು ಹೇಳುವುದು ಸುಲಭ. ಆದರೆ ಆಕೆಗೆ ಮುಂದೆ ಒದಗಿದ ಸಂದರ್ಭಗಳಲ್ಲಿ ಇವೆರಡೂ ಇಲ್ಲದಿದ್ದರೆ ನಿಭಾಯಿಸುವುದು ಸಾಧ್ಯವಾಗುತ್ತಿರಲಿಲ್ಲ ಎಂಬುದಂತೂ ನಿಜ.

ಬ್ರಯನ್ನರ ಭಾವಚಿತ್ರವನ್ನು ಬರೆಯಲೆಂದು ಮನೆಗೆ ಬಂದ ವಿಲಿಯಂ ಹೋಮರ್ ಲೆವಿಟ್ ಎಂಬ ಚಿತ್ರಕಾರನನ್ನು ರೂತ್ ಹದಿನೆಂಟು ತುಂಬಿದೊಡನೆಯೇ, 1903ರಲ್ಲಿ, ವಿಶ್ವವಿದ್ಯಾನಿಲಯದ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಮದುವೆಯಾದರು. ಆ ದಾಂಪತ್ಯ ನಿಲ್ಲಲಿಲ್ಲ. 1908ರಲ್ಲಿ ತಂದೆಯ ಮೂರನೆಯ ಚುನಾವಣಾ ಯಾತ್ರೆಯಲ್ಲಿ ಕಾರ್ಯದರ್ಶಿಯಾಗಿ ಊರೂರು ಸುತ್ತಿದ ಮಗಳು, ಮರುವರ್ಷ ಎರಡು ಮಕ್ಕಳ ತಾಯಿಯಾಗಿ ವಿವಾಹವಿಚ್ಛೇದನ ಪಡೆದರು. 1910ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ರಾಯಲ್ ಎಂಜಿನಿಯರ್ಸ್ ದಳದ ಅಧಿಕಾರಿ ರೆಜಿನಾಲ್ಡ್ ಓವೆನ್ ಅವರನ್ನು ವರಿಸಿದರು. ಪುರೋಹಿತರು ಆಶೀರ್ವದಿಸಿ ಮುಗಿಸುವಷ್ಟರಲ್ಲಿ, ಮೂರು ಸಲ ಅಮೆರಿಕದ ಅಧ್ಯಕ್ಷನಾಗಲೆಳಸಿದವರ ಹಿರಿಯ ಮಗಳು ಅಮೆರಿಕನ್ನಳಾಗಿ ಉಳಿದಿರಲಿಲ್ಲ.

ಇದರ ವೈಪರೀತ್ಯ ಮೂರೇ ವರ್ಷಗಳಲ್ಲಿ ಪರಾಕಾಷ್ಠೆಗೆ ಬಂತು. 1913ರಲ್ಲಿ ಅಧ್ಯಕ್ಷ ವಿಲ್ಸನ್ನರು ಬ್ರಯನ್ನರನ್ನು ವಿದೇಶಾಂಗ ಸಚಿವರನ್ನಾಗಿ ನೇಮಿಸಿದರು. ಅಮೆರಿಕದ ಪರರಾಷ್ಟ್ರ ವ್ಯವಹಾರವೆಲ್ಲ ಯಾರ ಕೈಯಲ್ಲಿತ್ತೋ ಅವರ ಮಗಳು ಕಾನೂನಿನ ದೃಷ್ಟಿಯಲ್ಲಿ ಆಂಗ್ಲ ದೊರೆಯ ಪ್ರಜೆ! 1914ರ ಮಹಾಯುದ್ಧ ಹೊತ್ತಿಕೊಂಡಾಗ ತಂದೆ ಶಾಂತಿವಾದಿ, ತಟಸ್ಥನೀತಿಯ ಪ್ರತಿಪಾದಕ. ಅಳಿಯ ಬ್ರಿಟಿಷ್ ಸೇನೆಯೊಡನೆ ಗಲಿಪೊಲಿಯ ರಣರಂಗದಲ್ಲಿ. ಮಗಳಾದರೋ ಲಂಡನ್ನಿನಲ್ಲಿ ಅಮೆರಿಕದ ಮಹಿಳೆಯರು ಕಟ್ಟಿದ ಯುದ್ಧಪರಿಹಾರ ನಿಧಿಯ ಕೆಲಸದಲ್ಲಿ ದುಡಿದು, ಬಳಿಕ ಈಜಿಪ್ಟಿಗೆ ಹೋಗಿ ಸೈನಿಕ ಆಸ್ಪತ್ರೆಯಲ್ಲಿ ಸ್ವಯಂಸೇವಕ ದಾದಿಯಾಗಿ ಯುದ್ಧಾಂತ್ಯದವರೆಗೂ ಗಾಯಾಳುಗಳ ಶುಶ್ರೂಷೆ ಮಾಡಿದರು. ಸರಕಾರ ಜರ್ಮನಿಗೆ ಬರೆದ ಖಾರವಾದ ಪತ್ರಕ್ಕೆ ಸಹಿ ಹಾಕಲೊಪ್ಪದೆ ಬ್ರಯನ್ 1915ರ ಜೂನಿನಲ್ಲಿ ರಾಜೀನಾಮೆ ಕೊಟ್ಟರು. ರೆಜಿನಾಲ್ಡ್ ಓವೆನ್ ಯುದ್ಧದಲ್ಲಿ ಕಳೆದುಕೊಂಡ ಆರೋಗ್ಯ ಮತ್ತೆ ಮರಳಲೇ ಇಲ್ಲ.

1919ರಲ್ಲಿ ರೋಗಿಷ್ಠನಾದ ಪತಿಯನ್ನೂ ಮಕ್ಕಳನ್ನೂ ಕರೆದುಕೊಂಡು ರೂತ್ ಫ್ಲಾರಿಡದ ಮಯಾಮಿಯಲ್ಲಿ, ತಾಯಿತಂದೆಗಳಿಗೆ ಸಮೀಪವಾಗಿ ನೆಲೆಸಿದರು. ಮರುವರ್ಷವೇ ಅಮೆರಿಕದ ಸ್ತ್ರೀಯರಿಗೆಲ್ಲ ಮತಾಧಿಕಾರ ಬಂತು. ಆದರೆ ಯಾವಾಕೆಯ ಭಾಷಣಕ್ಕಾಗಿ ಸಹಸ್ರಾರು ಜನ ಟಿಕೆಟ್ಟು ಕೊಂಡು ಡೇರೆಗಳಲ್ಲಿ ಕಾಯುತ್ತಿದ್ದರೋ ಆಕೆಗೆ ಮತ ಹಾಕುವ ಹಕ್ಕಿರಲಿಲ್ಲ. ಡೇರೆಗಳೆಂದೆನಲ್ಲ, ಅದನ್ನಿಷ್ಟು ವಿವರಿಸಬೇಕು. ಷಟಾಕ್ವ ಎಂಬ ಹೆಸರಿನ ಸಂಚಾರಿ ಉಪನ್ಯಾಸ ಮಂಡಲಿಗಳು ಬೇಸಗೆಯಲ್ಲಿ ಊರಿಂದೂರಿಗೆ ಹೋಗಿ, ಬಯಲಿನಲ್ಲಿ ದೊಡ್ಡ ಡೇರೆ ಎತ್ತಿ, ಸಂಗೀತ, ನಾಟಕ, ಉಪನ್ಯಾಸಗಳನ್ನು ಏರ್ಪಡಿಸುತ್ತಿದ್ದುವು. ನಮ್ಮಲ್ಲಿ ದೇವಸ್ಥಾನದ ಅಂಗಳದಲ್ಲಿ ಹರಿಕಥೆಗೆ ನೆರೆಯುತ್ತಿದ್ದ ಜನಸ್ತೋಮದಂತೆ, ಅಲ್ಲಿಯೂ ರೈತಾಪಿ ಜನ ಬಂಡಿ ಕಟ್ಟಿಕೊಂಡು ಬಂದು ಕೇಳುತ್ತಿದ್ದರು. ಪತಿಯ ಕಾಯಿಲೆಯಿಂದ ಸಂಸಾರದ ಭಾರ ತನ್ನ ಹೆಗಲಿಗೆ ಬಂದಾಗ ರೂತ್ ಈ ವೇದಿಕೆಯನ್ನು ಜೀವನೋಪಾಯವನ್ನಾಗಿ ಮಾಡಿಕೊಂಡರು. ಮಯಾಮಿಯ ಹವ್ಯಾಸಿ ನಟನಟಿಯರನ್ನು ಕೂಡಿಸಿ, ಕಥೆಯನ್ನು ತಾವೇ ಬರೆದು, ತಾವೇ ನಿರ್ದೇಶಿಸಿ ಒಂದು ಮೂಕಚಲನಚಿತ್ರವನ್ನೂ ತಯಾರಿಸಿದರು. ಮುಂದೆ ಮಯಾಮಿ ವಿಶ್ವವಿದ್ಯಾನಿಲಯದಲ್ಲಿ ಭಾಷಣಕಲೆಯನ್ನು ಬೋಧಿಸಿ, ಆ ವಿಷಯದ ಮೇಲೆ 1931ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

1922ರ ಸೆಪ್ಟೆಂಬರಿನಲ್ಲಿ, ಒಹಾಯೊ ಸಂಸ್ಥಾನದ ಪ್ರತಿನಿಧಿ ಜಾನ್ ಕೇಬಲ್ ಎಂಬವರು ತಂದ ಶಾಸನ ಅಂಗೀಕೃತವಾಗಿ, ಸ್ತ್ರೀಯ ಪೌರತ್ವ ಗಂಡನ ಪೌರತ್ವವನ್ನು ನೆರಳಿನಂತೆ ಹಿಂಬಾಲಿಸಬೇಕಾದ ಪದ್ಧತಿ ಬಹುಮಟ್ಟಿಗೆ ನಿಂತಿತು. ಆದರೆ ಹಿಂದೆಯೇ ಕಳೆದುಕೊಂಡಿದ್ದವರಿಗೆ ಅದು ತಾನಾಗಿ ಮರಳಿ ಬರಲಿಲ್ಲ. ಅವರು ನ್ಯಾಯಾಲಯಕ್ಕೆ ಹೋಗಿ, ಹಡಗಿನಿಂದಿಳಿದ ಪರದೇಶಿಯಂತೆ ಅರ್ಜಿ ಹಾಕಿ, ತಾವು ಹುಟ್ಟಿದ ನಾಡಿಗೆ ತಾವೇ ಪ್ರವೇಶ ಬೇಡಬೇಕಾಗಿತ್ತು. ರೂತ್ ಹಾಗೆ ಬೇಡಿ, 1925ರ ಏಪ್ರಿಲ್ ತಿಂಗಳಿನಲ್ಲಿ ಮತ್ತೆ ಅಮೆರಿಕದ ಪೌರರಾದರು. ಮೂರು ತಿಂಗಳ ಮೇಲೆ, ಜುಲೈ 26ರಂದು, ಟೆನೆಸಿ ಸಂಸ್ಥಾನದ ಡೇಟನ್ ಎಂಬ ಊರಿನಲ್ಲಿ ತಂದೆ ತೀರಿಕೊಂಡರು.

ಈ ಹೊಸ ಶಾಸನದಲ್ಲೂ ಒಂದು ವಿಷದ ಮುಳ್ಳು ಉಳಿದಿತ್ತು, ಮತ್ತು ಅದು ತಾಗಿದ್ದು ನಮ್ಮವರಿಗೆ. ಪೌರತ್ವಕ್ಕೆ ಅನರ್ಹರೆನಿಸಿದ ಜನಾಂಗದವನನ್ನು ಮದುವೆಯಾದ ಸ್ತ್ರೀಗೆ ಈ ರಕ್ಷಣೆಯಿಲ್ಲ ಎಂದು ಅದು ವಿಧಿಸಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಭಾರತೀಯರನ್ನು ಆ ಅನರ್ಹರ ಸಾಲಿಗೆ ಸೇರಿಸಿತು. ಬಂಗಾಳದ ದೇಶಭಕ್ತ ತಾರಕನಾಥ ದಾಸರನ್ನು ಕೈಹಿಡಿದ ಮೇರಿ ದಾಸ್ ಹೀಗೆ ತಮ್ಮ ಜನ್ಮಭೂಮಿಯಲ್ಲಿಯೇ ಪೌರತ್ವವಿಲ್ಲದವರಾದರು. ಇಂಥ ವಧುಗಳನ್ನು ಹೊರಗಿಟ್ಟ ಆ ವಿಧಿಯನ್ನು ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ಸು ರದ್ದುಮಾಡಿದ್ದು 1931ರಲ್ಲಿ, ರೂತ್ ಅವರೇ ಅದರ ಸದಸ್ಯರಾಗಿದ್ದ ಕಾಲದಲ್ಲಿ. 1906ರಲ್ಲಿ ಭಾರತದಲ್ಲಿ ಸಂಚರಿಸಿ ಹೋದ ಬ್ರಯನ್ ಇಲ್ಲಿನ ಬ್ರಿಟಿಷ್ ಆಡಳಿತವನ್ನು ಖಂಡಿಸಿ ಬರೆದ ಪ್ರಬಂಧವನ್ನು ನಮ್ಮ ಸ್ವಾತಂತ್ರ್ಯಾಪೇಕ್ಷಿಗಳು ಅಚ್ಚುಹಾಕಿಸಿ ಹಂಚುತ್ತಿದ್ದರೆಂಬುದನ್ನೂ ಈ ಪ್ರಸಂಗದಲ್ಲಿ ನೆನೆಯಬಹುದು.

ಪೌರತ್ವ ಬಂದ ಮರುವರ್ಷವೇ ರೂತ್ ಡೆಮೊಕ್ರಾಟಿಕ್ ಪಕ್ಷದ ಒಳಚುನಾವಣೆಯಲ್ಲಿ ನಿಂತು, ವಿಲಿಯಂ ಸಿಯರ್ಸ್ ಎಂಬ ಹಳೆಯ ಸದಸ್ಯರ ಎದುರಿಗೆ 776 ಮತಗಳಿಂದ ಸೋತರು. ಅದೇ ಸೆಪ್ಟೆಂಬರಿನಲ್ಲಿ ಮಯಾಮಿಯನ್ನು ನೆಲಸಮ ಮಾಡಿದ ಚಂಡಮಾರುತದ ಪರಿಹಾರಕಾರ್ಯದಲ್ಲಿ ಆಕೆ ದುಡಿದುದನ್ನು ಜನ ಕಂಡರು. 1927ರ ಡಿಸೆಂಬರಿನಲ್ಲಿ ಪತಿವಿಯೋಗವಾಯಿತು. ಇನ್ನು ರಾಜಕೀಯ ಸಾಕೆನ್ನಿಸಿದ್ದರೂ ಆಶ್ಚರ್ಯವಿರಲಿಲ್ಲ. ಆದರೆ 1928ರಲ್ಲಿ ಆಕೆ ಹಸಿರು ಬಣ್ಣದ ಫೋರ್ಡ್ ಕಾರೊಂದಕ್ಕೆ ‘ಸ್ಪಿರಿಟ್ ಆಫ್ ಫ್ಲಾರಿಡ’ ಎಂದು ಹೆಸರಿಟ್ಟು, ಅಟ್ಲಾಂಟಿಕ್ ತೀರದ ಉದ್ದಕ್ಕೂ ನೂರಾರು ಮೈಲಿ ಚಾಚಿಕೊಂಡಿದ್ದ ಆ ಕ್ಷೇತ್ರದ ಮೂಲೆಮೂಲೆಗೂ ಹೋಗಿ ಭಾಷಣ ಮಾಡಿದರು. ಅದೇ ಸಿಯರ್ಸರನ್ನು ಈ ಸಲ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಹಿಂದೆ ಹಾಕಿ, ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ವಿಲಿಯಂ ಲಾಸನ್ ಅವರನ್ನೂ ಸೋಲಿಸಿ, ಫ್ಲಾರಿಡದಿಂದ ಕಾಂಗ್ರೆಸ್ಸಿಗೆ ಹೋದ ಪ್ರಥಮ ಮಹಿಳೆಯಾದರು.

ಸೋತ ಲಾಸನ್ನರು ಎತ್ತಿದ ಆಕ್ಷೇಪಣೆಯೇ ಈ ಜೀವನಚರಿತ್ರೆಯ ಮರ್ಮಸ್ಥಾನ. ಪ್ರತಿನಿಧಿ ಸಭೆಯ ಸದಸ್ಯ ಏಳು ವರ್ಷ ಅಮೆರಿಕದ ಪೌರನಾಗಿರತಕ್ಕದ್ದೆಂದು ರಾಜ್ಯಾಂಗ ಹೇಳುತ್ತದೆ. ಈಕೆ ಪೌರತ್ವ ಪಡೆದದ್ದು 1925ರಲ್ಲಿ, ಚುನಾಯಿತರಾದದ್ದು 1928ರಲ್ಲಿ. ಆದಕಾರಣ ಈಕೆಯ ಆಯ್ಕೆ ಅಸಿಂಧು, ಸ್ಥಾನ ತನಗೆ ಸಲ್ಲಬೇಕು, ಎಂಬುದು ಅವರ ವಾದ. ಚುನಾವಣೆಯ ವಿವಾದಗಳನ್ನು ವಿಚಾರಿಸುವ ಸಮಿತಿಯೆದುರು ರೂತ್ ತಮ್ಮ ಪರವಾಗಿ ತಾವೇ ನಿಂತು ವಾದಿಸಿದರು. ರಾಜ್ಯಾಂಗ ಏಳು ವರ್ಷವೆಂದಿದೆಯೇ ವಿನಾ ಚುನಾವಣೆಗೆ ಒಡನೆ ಹಿಂದಿನ ಏಳು ವರ್ಷವೆಂದು ಹೇಳಿಲ್ಲ, ಹುಟ್ಟಿನಿಂದ ಮದುವೆಯವರೆಗೆ ತಾನು ಇಪ್ಪತ್ತನಾಲ್ಕು ವರ್ಷ ಈ ದೇಶದ ಪ್ರಜೆಯಾಗಿದ್ದೆನಲ್ಲವೆ ಎಂಬುದು ನಿಯಮದ ಮಾತಾಯಿತು. ಅದಕ್ಕೂ ಆಳವಾದ ಮಾತೊಂದನ್ನು ಆಕೆ ಸಮಿತಿಯ ಮುಂದಿಟ್ಟರು: ಮದುವೆಯ ಕಾರಣದಿಂದ ಪೌರತ್ವ ಕಳೆದುಕೊಂಡ ಪುರುಷ ಈ ದೇಶದಲ್ಲಿ ಒಬ್ಬನೂ ಇಲ್ಲ, ಆದುದರಿಂದ ತಾನು ಹೆಣ್ಣಾದುದೇ ಈ ಆಕ್ಷೇಪಣೆಯ ನಿಜವಾದ ಆಧಾರ. ಸಮಿತಿಯ ಸದಸ್ಯರೆಲ್ಲರೂ ಒಂದೇ ಕಾರಣವನ್ನು ಹಿಡಿದು ಒಪ್ಪಲಿಲ್ಲವಾದರೂ ತೀರ್ಮಾನ ಆಕೆಯ ಪರವಾಗಿಯೇ ಬಂತು, 1930ರಲ್ಲಿ ಸಭೆ ಅದನ್ನು ಅಂಗೀಕರಿಸಿತು. ಬಾಲ್ಯದಲ್ಲಿ ಅಪ್ಪನ ಮಗ್ಗುಲಲ್ಲಿ ಕುಳಿತು ಯಾವ ಸಭೆಯ ಕಲಾಪವನ್ನು ಕೇಳಿದ್ದರೋ ಅದೇ ಸಭೆಯಲ್ಲಿ ಕೂರುವ ಹಕ್ಕಿಗಾಗಿ ಆಕೆ ಹೀಗೆ ಹೋರಾಡಬೇಕಾಯಿತು.

ಕಾಂಗ್ರೆಸ್ಸಿನ ನಾಲ್ಕು ವರ್ಷಗಳ ವಿವರವನ್ನೆಲ್ಲ ಹೇಳುತ್ತ ಹೋಗುವುದು ಅನಾವಶ್ಯಕ. ಪರರಾಷ್ಟ್ರ ವ್ಯವಹಾರ ಸಮಿತಿಗೆ ಸೇರಿದ ಮೊದಲ ಮಹಿಳೆ ಆಕೆ. ಗೃಹಜೀವನ ಮತ್ತು ಶಿಶುಗಳ ಹಿತಕ್ಕಾಗಿಯೇ ಒಂದು ಪ್ರತ್ಯೇಕ ಸರಕಾರಿ ಇಲಾಖೆ ಬೇಕೆಂದು ಸೂಚಿಸಿ ಅದರಲ್ಲಿ ಸಫಲರಾಗಲಿಲ್ಲ. ಮರೆಯಲಾಗದ್ದು ಎವರ್‌ಗ್ಲೇಡ್ಸಿನ ಪ್ರಸಂಗ. ಫ್ಲಾರಿಡದ ದಕ್ಷಿಣಭಾಗದಲ್ಲಿ, ಕಣ್ಣು ಹಾಯುವಷ್ಟು ದೂರ ಗರಗಸದಂಥ ಅಂಚಿನ ಜೊಂಡುಹುಲ್ಲಿನ ನಡುವೆ ನೀರು ಕಂಡೂ ಕಾಣದಷ್ಟು ಮಂದವಾಗಿ ಹರಿಯುತ್ತ, ಬಕಪಕ್ಷಿಗಳಿಗೂ ಮೊಸಳೆಗಳಿಗೂ ಆಶ್ರಯವಾಗಿರುವ ಆ ಜಲಪ್ರದೇಶವನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಕಾಪಾಡಬೇಕೆಂದು ಆಕೆ ಮಸೂದೆ ತಂದಾಗ, ಅದು ಹಾವುಗಳ ಕೊಂಪೆ, ಅಂಥದಕ್ಕೆ ಸರಕಾರದ ಹಣವೆ ಎಂಬ ಆಕ್ಷೇಪ ಎದ್ದಿತು. ವಿಚಾರಣೆಯ ದಿನ ಸಮಿತಿಗೆ ತೋರಿಸಲೆಂದು ತಂದಿದ್ದ ಜೀವಂತ ಹಾವೊಂದನ್ನು ಆಕೆ ಅಳುಕದೆ ಎತ್ತಿ ಕೊರಳಿಗೆ ಸುತ್ತಿಕೊಂಡರು. ಉದ್ಯಾನದ ಶಾಸನ ಕೈಗೂಡಿದ್ದು 1934ರಲ್ಲಿ, ಉದ್ಯಾನ ವಿಧ್ಯುಕ್ತವಾಗಿ ಪ್ರಾರಂಭವಾದದ್ದು 1947ರಲ್ಲಿ. ಅಷ್ಟರಲ್ಲಿ ಆಕೆಯ ಸದಸ್ಯತ್ವ ಮುಗಿದು ವರ್ಷಗಳಾಗಿದ್ದುವು. ತಂದೆಯಂತೆ ಪಾನನಿರೋಧದ ಪಕ್ಷಪಾತಿಯಾಗಿದ್ದ ಆಕೆಯನ್ನು, ಆ ನಿರೋಧದಿಂದ ಬೇಸತ್ತಿದ್ದ ಮತದಾರರು 1932ರ ಒಳಚುನಾವಣೆಯಲ್ಲಿ ಸೋಲಿಸಿದರು.

1933ರ ಏಪ್ರಿಲ್ ತಿಂಗಳಿನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟರು ಆಕೆಯನ್ನು ಡೆನ್ಮಾರ್ಕಿನ ನಿಯೋಗಕ್ಕೆ ಮುಖ್ಯಸ್ಥೆಯನ್ನಾಗಿ ನೇಮಿಸಿದರು. ಸಣ್ಣ ರಾಷ್ಟ್ರಗಳಿಗೆ ಹೋಗುವವರಿಗೆ ಅಂದು ಪೂರ್ಣ ರಾಯಭಾರಿಯ ಪದವಿಯಿರಲಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಮಿನಿಸ್ಟರ್’ ಎಂಬ ಸ್ಥಾನವಿತ್ತು. ಆದರೂ ಅಮೆರಿಕದ ನಿಯೋಗವೊಂದಕ್ಕೆ ಸ್ತ್ರೀ ನಾಯಕಿಯಾದದ್ದು ಅದೇ ಮೊದಲು. ಆಕೆ ಕೋಪನ್‌ಹೇಗನ್ನಿನ ಔತಣಕೂಟಗಳಲ್ಲಿಯೇ ಕಾಲ ಕಳೆಯದೆ, ಡೇನಿಷ್ ಭಾಷೆಯನ್ನು ಕಲಿತು, ಸಂಚಾರಿವಾಹನವೊಂದರಲ್ಲಿ ಆ ಪುಟ್ಟ ದೇಶದ ಹಳ್ಳಿಹಳ್ಳಿಗಳನ್ನು ನೋಡಿ ಬಂದರು. 1936ರಲ್ಲಿ ಅಚ್ಚಾದ ‘ಡೆನ್ಮಾರ್ಕ್ ಕ್ಯಾರವಾನ್’ ಆ ಪ್ರವಾಸದ ಫಲ. ಡೆನ್ಮಾರ್ಕ್ ಸರಕಾರ ಅನ್ಯರಿಗೆ ಬಾಗಿಲು ಮುಚ್ಚಿಟ್ಟಿದ್ದ, ಅನುಮತಿಯಿಲ್ಲದೆ ಯಾರೂ ಕಾಲಿಡಲಾಗದಿದ್ದ ಗ್ರೀನ್‌ಲೆಂಡಿಗೆ 1934ರ ಬೇಸಗೆಯಲ್ಲಿ ಹೋಗಿ ಬಂದು, ಮರುವರ್ಷ ಅಲ್ಲಿನ ದಿನಚರಿಯನ್ನು ಪ್ರಕಟಿಸಿದರು. ಮುಂದೆ 1939ರಲ್ಲಿ ಆ ಉತ್ತರದೇಶಗಳ ಅಜ್ಜಿಕಥೆಗಳನ್ನು ಮಕ್ಕಳಿಗಾಗಿ ಮತ್ತೆ ಹೇಳಿ ಒಂದು ಸಂಗ್ರಹವನ್ನೂ ತಂದರು. ಇವು ಮಹಾಸಾಹಿತ್ಯವೆಂದು ನಾನು ಹೇಳುವುದಿಲ್ಲ. ಆದರೆ ಕಳುಹಿಸಿದ ದೇಶದ ಪರವಾಗಿ ಹೋದ ದೇಶದಲ್ಲಿ ಮಾತನಾಡುವುದಷ್ಟೇ ರಾಯಭಾರವಲ್ಲ, ಹೋದ ದೇಶದ ಜನಜೀವನವನ್ನು ಕಳುಹಿಸಿದ ದೇಶದ ಮನೆಮನೆಗೆ ಮುಟ್ಟಿಸುವುದೂ ಅದರ ಕರ್ತವ್ಯವೆಂದು ಬಗೆದು ಲೇಖನಿ ಹಿಡಿದ ರಾಯಭಾರಿಗಳು ಎಷ್ಟು ಮಂದಿ?

ಆ ಕೆಲಸದಲ್ಲಿ ಆಕೆ ಜನಪ್ರಿಯರಾಗಿ, ಸಮರ್ಥರೆನಿಸಿಕೊಂಡಿದ್ದಾಗಲೇ ಹಳೆಯ ಕಥೆ ಮತ್ತೊಮ್ಮೆ ಮರುಕಳಿಸಿತು. 1936ರ ಜುಲೈ 11ರಂದು, ರೂಸ್ವೆಲ್ಟರ ಸ್ವಗ್ರಾಮವಾದ ಹೈಡ್ ಪಾರ್ಕಿನ ಚರ್ಚಿನಲ್ಲಿ, ಅಧ್ಯಕ್ಷ ದಂಪತಿಗಳ ಸಮಕ್ಷಮದಲ್ಲಿ, ಆಕೆ ಡೆನ್ಮಾರ್ಕಿನ ರಾಜರಕ್ಷಕ ದಳದ ಕ್ಯಾಪ್ಟನ್ ಬೋರ್ಗ ರೋಡ ಅವರನ್ನು ಮದುವೆಯಾದರು. ಅಮೆರಿಕದ ಕಾನೂನು ಅಷ್ಟರಲ್ಲಿ ತಿದ್ದುಪಡಿಯಾಗಿದ್ದಿತಷ್ಟೆ. ಆಕೆಯ ಪೌರತ್ವಕ್ಕೆ ಕುಂದು ಬರಲಿಲ್ಲ. ಆದರೆ ಡೆನ್ಮಾರ್ಕಿನ ಕಾನೂನಿನಂತೆ ಡೇನ್ ಗಂಡನ ಹೆಂಡತಿಯೂ ಡೇನ್ ಪ್ರಜೆಯೇ. ಯಾವ ದೊರೆಯ ಆಸ್ಥಾನಕ್ಕೆ ತನ್ನ ದೇಶದ ಪರವಾಗಿ ಹೋಗಿದ್ದರೋ ಆ ದೊರೆಗೇ ಈಗ ಪ್ರಜೆಯೂ ಆದವರು ಆ ಸ್ಥಾನದಲ್ಲಿ ಮುಂದುವರಿಯುವುದೆಂತು? ಕೆಲವೇ ವಾರಗಳಲ್ಲಿ ಆಕೆ ರಾಜೀನಾಮೆಯನ್ನು ಒಪ್ಪಿಸಿ, ರೂಸ್ವೆಲ್ಟರ ಪರವಾಗಿ ಚುನಾವಣೆಯ ಭಾಷಣಗಳಿಗೆ ಹೊರಟರು. ಪ್ರಜೆಯಾದವರು ಪ್ರತಿನಿಧಿಯಾಗಬಾರದೆಂಬ ನಿಯಮದಲ್ಲಿ ಅನ್ಯಾಯವೇನೂ ಇಲ್ಲವೆಂದು ವಾದಿಸಬಹುದು. ಆದರೆ ಪರದೇಶದ ಕನ್ಯೆಯನ್ನು ವರಿಸಿದ ಪುರುಷ ರಾಯಭಾರಿಗೆ ಆ ಪ್ರಜಾತ್ವ ತಾನಾಗಿ ಬಂದು ಕೊರಳಿಗೆ ಬೀಳುತ್ತಿರಲಿಲ್ಲವೆಂಬುದನ್ನು ನೆನೆದಾಗ, ಸಮಿತಿಯ ಮುಂದೆ ಆರು ವರ್ಷ ಹಿಂದೆ ಆಕೆ ಆಡಿದ್ದ ಮಾತು ಮತ್ತೆ ಕಿವಿಗೆ ಬೀಳುತ್ತದೆ. ತನ್ನ ದೇಶದಲ್ಲಿ ಗೆದ್ದ ವ್ಯಾಜ್ಯವನ್ನು ಆಕೆ ಸಮುದ್ರದಾಚೆಯ ದೇಶದಲ್ಲಿ ಸೋತಂತಾಯಿತು.

ಮುಂದಿನ ವರ್ಷಗಳಲ್ಲಿ ಆಕೆಯ ಮನಸ್ಸು ಒಂದು ದೇಶದ ಎಲ್ಲೆಯನ್ನು ದಾಟಿ ಎಲ್ಲ ದೇಶಗಳನ್ನೂ ಕೂಡಿಸುವ ಯೋಚನೆಯ ಕಡೆಗೆ ತಿರುಗಿದ್ದು ಸ್ವಾಭಾವಿಕವೆಂದೇ ನನಗೆ ತೋರುತ್ತದೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ‘ಲುಕ್ ಫಾರ್ವರ್ಡ್, ವಾರಿಯರ್’ ಎಂಬ ಗ್ರಂಥದಲ್ಲಿ ಜಗತ್ತಿನ ರಾಷ್ಟ್ರಗಳ ಒಕ್ಕೂಟಕ್ಕೆ ಒಂದು ಸಂವಿಧಾನದ ರೂಪರೇಖೆಯನ್ನು ಬರೆದರು. ವಿಶ್ವಸಂಸ್ಥೆ ರೂಪುಗೊಂಡ 1945ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿ ವಿದೇಶಾಂಗ ಇಲಾಖೆಯ ಪರವಾಗಿ ದುಡಿದರು. 1949ರಲ್ಲಿ ಅಧ್ಯಕ್ಷ ಟ್ರೂಮನ್ನರು ಆಕೆಯನ್ನು ವಿಶ್ವಸಂಸ್ಥೆಯ ಮಹಾಸಭೆಗೆ ಪರ್ಯಾಯ ಪ್ರತಿನಿಧಿಯಾಗಿ ನೇಮಿಸಿದರು. ಅದೇ ವರ್ಷ ಯೂಜೀನಿ ಆಂಡರ್ಸನ್ ಎಂಬ ಮಹಿಳೆ ಪೂರ್ಣ ರಾಯಭಾರಿಯ ಪದವಿ ಪಡೆದ ಪ್ರಥಮ ಅಮೆರಿಕನ್ ಸ್ತ್ರೀಯಾಗಿ ಕೋಪನ್‌ಹೇಗನ್ನಿಗೆ ಹೋದರು.

1954ರಲ್ಲಿ, ಡೆನ್ಮಾರ್ಕಿನ ದೊರೆ ಒಂಬತ್ತನೆಯ ಫ್ರೆಡರಿಕ್ ತಮಗೆ ಕೊಡಮಾಡಿದ ಗೌರವವನ್ನು ಸ್ವೀಕರಿಸಲು ರೂತ್ ಕೋಪನ್‌ಹೇಗನ್ನಿಗೆ ಹೋಗಿದ್ದರು. ಜುಲೈ 26ರಂದು, ಇಪ್ಪತ್ತೊಂಬತ್ತು ವರ್ಷ ಹಿಂದೆ ತಂದೆ ತೀರಿಕೊಂಡಿದ್ದ ಅದೇ ದಿನ, ಹೃದಯಾಘಾತದಿಂದ ಅಲ್ಲಿಯೇ ನಿಧನರಾದರು. ಮಣ್ಣಾದದ್ದೂ ಆ ನಗರದ ಬಳಿಯ ಓರ್ಡ್ರುಪ್ ಸ್ಮಶಾನದಲ್ಲಿ, ಮೂರನೆಯ ಮದುವೆ ತಮ್ಮದನ್ನಾಗಿ ಮಾಡಿದ ದೇಶದ ನೆಲದಲ್ಲಿ.